ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಅಳೆದು ತರಬೇಕಾದವು: ಮಲೆನಾಡಿನ ಮಳೆಗಾಲಕ್ಕೊಂದು ಹೋಲಿಕೆ

ಮೂರು ನಾಲ್ಕು ಬಾಡಿಗೆ ಮನೆಗಳಲ್ಲಿ ಮಳೆಗಾಲ ಕಳೆದವರಿಗೆ ಮನೆ ಕಟ್ಟಿಸಲು ಬೇಕಾದ ತಿಳಿವಳಿಕೆ ಅರ್ಧಕ್ಕರ್ಧ ಬಂದಿರುತ್ತದೆ. ಆದರೆ ಅದು ಅಳತೆಯ ರೂಪದಲ್ಲಿ ಇರುವುದಿಲ್ಲ. "ಆ ಮನೆಯ ಅಡುಗೆ ಕಟ್ಟೆ ಹಿತವಾಗಿತ್ತು" ಎಂದರೆ ಮೇಸ್ತ್ರಿಗೆ ಏನೂ ತಿಳಿಯುವುದಿಲ್ಲ, "33 ಇಂಚು" ಎಂದರೆ ತಿಳಿಯುತ್ತದೆ. ಆದ್ದರಿಂದ ಮನೆ ಖಾಲಿ ಮಾಡುವ ಮೊದಲು 5 ಮೀಟರಿನ ಟೇಪೊಂದನ್ನು ಹಿಡಿದು ಕೂರಿ. ಹಿತವಾದದ್ದರ ಎತ್ತರ, ಅಗಲ, ಯಾವ ದಿಕ್ಕಿಗಿದೆ, ಯಾವ ತಿಂಗಳಲ್ಲಿ ಅದರಿಂದ ಉಪಯೋಗವಾಯಿತು ಎಂಬುದನ್ನು ಬರೆದುಕೊಳ್ಳಿ. ತೊಂದರೆ ಕೊಟ್ಟದ್ದನ್ನೂ ಹಾಗೆಯೇ ಬರೆಯಿರಿ, ಟೇಪನ್ನು ಪಕ್ಕಕ್ಕೆ ಹಿಡಿದು ಒಂದು ಫೋಟೊ ತೆಗೆದಿಡಿ.

ಪಟ್ಟಿ ಸಿದ್ಧವಾದ ಮೇಲೆ ಎರಡು ಗುಂಪು ಮಾಡಿ. ಸ್ಲ್ಯಾಬಿಗೂ ಪ್ಲಾಸ್ಟರಿಂಗಿಗೂ ಮೊದಲೇ ಆಗಬೇಕಾದವು ಒಂದು ಗುಂಪು, ಗೃಹಪ್ರವೇಶ ಮುಗಿದ ಮೇಲೆ ನಿಧಾನವಾಗಿ ಮೊಳೆ ಹೊಡೆದು ಮಾಡಿಕೊಳ್ಳಬಹುದಾದವು ಇನ್ನೊಂದು. ಮಾಡ್ಯುಲರ್ ಕಿಚನ್ ಬಾಗಿಲಿನ ಬಣ್ಣ ಎರಡನೆಯ ಗುಂಪಿಗೆ ಸೇರಿದ್ದು, ಆದರೂ ಜನ ಮೂರು ಭಾನುವಾರ ಅದಕ್ಕೇ ಕಳೆಯುತ್ತಾರೆ. ಕಿಟಕಿಯ ಮೇಲೆ ಮಳೆಗೆ ಅಡ್ಡವಾಗಿ ಚಾಚುವ ಸಜ್ಜಾ ಎಷ್ಟು ಅಗಲ ಎಂಬುದು ಮೊದಲ ಗುಂಪಿನದು, ಅದನ್ನು ಮೇಸ್ತ್ರಿಯ ರೂಢಿಗೆ ಬಿಟ್ಟುಬಿಡುತ್ತಾರೆ. ಈ ಬರಹದಲ್ಲಿ ಹೆಚ್ಚಿನ ಜಾಗ ಮೊದಲ ಗುಂಪಿಗೇ.

ಇನ್ನೊಂದು ಮಾತು. ಶಿವಮೊಗ್ಗ ಪೇಟೆಯ ಮಳೆ ಬೇರೆ, ತೀರ್ಥಹಳ್ಳಿ ದಾಟಿದ ಮೇಲಿನ ಮಳೆ ಬೇರೆ. ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ, ಶಿವಮೊಗ್ಗದಲ್ಲಿ ಅದರ ಸಣ್ಣದೊಂದು ಪಾಲು ಬೀಳುತ್ತದೆ. ಶಿವಮೊಗ್ಗದ ಗೋಪಾಳ ಬಡಾವಣೆಯ ಬಾಡಿಗೆ ಮನೆಯಲ್ಲಿ ಚೆನ್ನಾಗಿ ನಡೆದದ್ದು ಹೊಸನಗರದ ಸೈಟಿನಲ್ಲಿ ಹಾಗೆಯೇ ನಡೆಯುವುದಿಲ್ಲ. ಅಳತೆ ತನ್ನಿ, ತಂದ ಮೇಲೆ ಊರಿಗೆ ತಕ್ಕಂತೆ ಹಿಗ್ಗಿಸಿ.

ಬಟ್ಟೆ ಒಣಗಿಸುವ ಜಾಗ

ಮಲೆನಾಡಿನ ಮನೆಯ ನಕ್ಷೆಯಲ್ಲಿ ದೇವರ ಕೋಣೆ ಇರುತ್ತದೆ, ಕಾರು ನಿಲ್ಲಿಸುವ ಜಾಗ ಇರುತ್ತದೆ, ಬಟ್ಟೆ ಒಣಗಿಸುವ ಜಾಗ ಮಾತ್ರ ಇರುವುದಿಲ್ಲ. ಆರಿದ್ರಾದಿಂದ ಆಶ್ಲೇಷಾವರೆಗೆ ಎಂಟು ವಾರ ಬಟ್ಟೆಯೆಲ್ಲ ಮಂಚದ ಮೇಲೆ, ಕುರ್ಚಿಯ ಬೆನ್ನ ಮೇಲೆ, ಕಿಟಕಿಯ ಸರಳಿನ ಮೇಲೆ. ವಾಷಿಂಗ್ ಮೆಷಿನ್ ಹಿಂಡಿ ಕೊಟ್ಟ 6 ಕೆಜಿ ಬಟ್ಟೆಯಲ್ಲಿ ಇನ್ನೂ 3ರಿಂದ 4 ಲೀಟರ್ ನೀರು ಉಳಿದಿರುತ್ತದೆ. ಬಟ್ಟೆಯನ್ನು ಕೋಣೆಯೊಳಗೆ ಹರವಿದರೆ ಆ ನೀರೆಲ್ಲ ಕೋಣೆಯ ಗಾಳಿಗೆ ಸೇರಿ, ಅಲ್ಲಿಂದ ತಣ್ಣಗಿನ ಗೋಡೆಗೆ ಹೋಗುತ್ತದೆ. ಬೀರುವಿನ ಹಿಂದೆ ಬೂಸ್ಟು ಬರುವುದಕ್ಕೆ ಅನೇಕ ಮನೆಗಳಲ್ಲಿ ಇದೇ ಕಾರಣ, ಸೂರು ಸೋರಿದ್ದಲ್ಲ.

ಬಾಡಿಗೆ ಮನೆಗಳಲ್ಲಿ ಕಾಣಸಿಗುವ ಏರ್ಪಾಡು ನಾಲ್ಕು: ತಾರಸಿಯ ಮೇಲೆ ಹೊದಿಸಿದ ಶೀಟು, ಹಿಂದಿನ ಜಗಲಿಯ ಗಳ, ಚಾವಣಿಯಿಂದ ಇಳಿಬಿಟ್ಟ ರಾಟೆಯ ಸ್ಟ್ಯಾಂಡು, ಬಚ್ಚಲೊಲೆಯ ಮೇಲಿನ ಹಗ್ಗ.

ನಮ್ಮ ಮೊದಲ ಆಯ್ಕೆ ಹಿಂದಿನ ಜಗಲಿ. ಮೆಟ್ಟಿಲು ಹತ್ತಬೇಕಿಲ್ಲ, ವಯಸ್ಸಾದವರಿಗೂ ಆಗುತ್ತದೆ, ಅಡುಗೆ ಮಾಡುತ್ತಲೇ ಒಂದು ಕಣ್ಣಿಡಬಹುದು. ಅಗಲ 6 ಅಡಿಗಿಂತ ಕಡಿಮೆ ಬೇಡ. 4 ಅಡಿಯ ಜಗಲಿಯಲ್ಲಿ ಹೊರಗಿನ ಎರಡು ಸಾಲಿಗೆ ಎರಚಲು ಹೊಡೆಯುತ್ತದೆ, ಉಳಿದ ಒಂದು ಸಾಲಿನಲ್ಲಿ ಒಣಗುವುದೆಷ್ಟು? ನಾಲ್ಕು ಜನರ ಮನೆಗೆ ಒಟ್ಟು 60ರಿಂದ 70 ಅಡಿ ಉದ್ದದ ಸಾಲು ಬೇಕಾಗುತ್ತದೆ. ಅಷ್ಟೊಂದು ಏಕೆಂದರೆ, ಜಡಿಮಳೆಯಲ್ಲಿ ದಪ್ಪ ಬಟ್ಟೆ ಒಣಗಲು ಮೂರು ದಿನ ಹಿಡಿಯುತ್ತದೆ. ಇವತ್ತು ಒಗೆದದ್ದಕ್ಕೆ ಜಾಗ ಬೇಕು, ನಿನ್ನೆ ಮೊನ್ನೆಯದು ಇನ್ನೂ ಅಲ್ಲೇ ಇರುತ್ತದೆ. 12 ಅಡಿಯ ಆರು ಸಾಲು ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಸಾಲಿನಿಂದ ಸಾಲಿಗೆ 10 ಇಂಚು ಬಿಡಿ. 6 ಇಂಚಿಗೆ ಹಾಕಿದರೆ ಬಟ್ಟೆಗೆ ಬಟ್ಟೆ ಅಂಟಿ, ನಡುವೆ ಗಾಳಿಯಾಡದೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಸಾಲಿಗೆ ಏನು ಬಳಸಬೇಕೆಂಬುದರಲ್ಲೂ ವ್ಯತ್ಯಾಸವಿದೆ. ನೈಲಾನ್ ಹಗ್ಗ ಒಂದೇ ತಿಂಗಳಲ್ಲಿ ಜೋತು, ಬಟ್ಟೆಯೆಲ್ಲ ನಡುವಿಗೆ ಜಾರಿ ಗುಂಪಾಗುತ್ತದೆ. ಪ್ಲಾಸ್ಟಿಕ್ ಹೊದಿಸಿದ ತಂತಿ ಬಿಗಿಯಾಗಿ ನಿಲ್ಲುತ್ತದೆ, ಆದರೆ ಹೊದಿಕೆ ಬಿರಿದಲ್ಲಿ ತುಕ್ಕು ಹಿಡಿದು ಬಿಳಿ ಪಂಚೆಯ ಮೇಲೆ ಕಂದು ಗೆರೆ ಎಳೆಯುತ್ತದೆ. ಬಿದಿರಿನ ಗಳ ಹಿಂದಿನಿಂದ ಬಂದದ್ದು. ಸೀರೆ ಹರವಲು ಅದಕ್ಕಿಂತ ಒಳ್ಳೆಯದಿಲ್ಲ, ಕ್ಲಿಪ್ಪೂ ಬೇಕಿಲ್ಲ. ಹೊಗೆ ಕುಡಿಯದ ಬಿದಿರಿಗೆ ಮಾತ್ರ ಹುಳ ಬಿದ್ದು ಹಿಟ್ಟು ಉದುರುತ್ತದೆ. ಹೊಸದಾಗಿ ಮಾಡಿಸುವವರು ಮುಕ್ಕಾಲು ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಪೈಪು ಹಾಕಿಸಿ, 6 ಅಡಿಗೊಂದು ಆಧಾರ ಕೊಡಿಸಿ. ಎತ್ತರವನ್ನು ಬಟ್ಟೆ ಹರವುವವರನ್ನೇ ನಿಲ್ಲಿಸಿ ಅಳೆಯಿರಿ: ಹಿಮ್ಮಡಿ ಎತ್ತದೆ ಕೈ ಚಾಚಿದಾಗ ಬೆರಳು ಪೈಪನ್ನು ಪೂರ್ತಿ ಸುತ್ತಬೇಕು. 5 ಅಡಿ 2 ಇಂಚಿನವರಿಗೆ ಇದು ಸುಮಾರು 6 ಅಡಿ ಆಗುತ್ತದೆ.

ತಾರಸಿಯ ಶೀಟು ಶಿವಮೊಗ್ಗದ ಬಡಾವಣೆಗಳಲ್ಲಿ ಬೀದಿಬೀದಿಯಲ್ಲೂ ಕಾಣುತ್ತದೆ. ಜಾಗ ಧಾರಾಳ, ಗಾಳಿಯೂ ಧಾರಾಳ. ಪಡುವಣ ಬದಿ ಪೂರ್ತಿ ತೆರೆದಿದ್ದರೆ ಮಾತ್ರ ಗಾಳಿಮಳೆಗೆ ಒಳಗಿನ ಅರ್ಧ ನೆಲ ತೊಯ್ಯುತ್ತದೆ. ಆ ಬದಿಯಲ್ಲಿ ಶೀಟನ್ನು ಎರಡೂವರೆ ಅಡಿ ಹೊರಚಾಚಿಸಿ, ಮೇಲಿನಿಂದ 3 ಅಡಿ ತಡಿಕೆಯಂತೆ ಇಳಿಬಿಡಿಸಿ. ಉಳಿದ ಮೂರು ಬದಿ ತೆರೆದೇ ಇರಲಿ. ನಾಲ್ಕೂ ಕಡೆ ಮುಚ್ಚಿದರೆ ಒದ್ದೆ ಗಾಳಿ ಒಳಗೇ ಸಿಕ್ಕಿಕೊಂಡು ಬಟ್ಟೆ ಒಣಗುವುದಿಲ್ಲ.

ರಾಟೆಯ ಸ್ಟ್ಯಾಂಡು ಸಣ್ಣ ಸೈಟಿನವರಿಗೆ, ಮಹಡಿ ಮನೆಯವರಿಗೆ. ಇದು ಕೆಟ್ಟುಹೋಗುವುದು ಒಂದೇ ಕಡೆ. ಒದ್ದೆ ಬಟ್ಟೆಯ ಭಾರ 10ರಿಂದ 12 ಕೆಜಿ ಇರುವಾಗ ಸ್ಕ್ರೂ ಪ್ಲಾಸ್ಟರಿನಲ್ಲಷ್ಟೇ ನಿಂತಿರುತ್ತದೆ, ಮೂರನೆಯ ತಿಂಗಳಿಗೆ ಕಳಚುತ್ತದೆ. ಕಾಂಕ್ರೀಟಿನೊಳಗೆ ಒಂದೂವರೆ ಎರಡು ಇಂಚು ಹೋಗುವ ಆ್ಯಂಕರ್ ಬೋಲ್ಟೇ ಬೇಕು. ಅದರ ಹತ್ತಿರ ಗೋಡೆಗೊಂದು ಫ್ಯಾನಿನ ಪಾಯಿಂಟ್ ಇಡಿಸಿ. ಬಿಎಲ್‌ಡಿಸಿ ಮೋಟಾರಿನ ಫ್ಯಾನು 30 ವ್ಯಾಟ್ ಆಸುಪಾಸು ತಿನ್ನುತ್ತದೆ, ರಾತ್ರಿಯೆಲ್ಲ ಓಡಿದರೂ ಕಾಲು ಯೂನಿಟ್ಟಿನ ಮೇಲೆ ಸ್ವಲ್ಪ ಅಷ್ಟೆ. ಜೊತೆಗೆ ಕಿಟಕಿಯೋ ವೆಂಟಿಲೇಟರೋ ತೆರೆದಿರಲೇಬೇಕು. ಮೆಷಿನ್ನಿನಲ್ಲಿ ಇನ್ನೊಮ್ಮೆ ಸ್ಪಿನ್ ಓಡಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಬಚ್ಚಲೊಲೆಯ ಮೇಲೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಹೊಗೆವಾಸನೆ ಹಿಡಿಯುತ್ತದೆ, ಕಿಡಿಯ ಭಯ ಬೇರೆ. ಒಲೆಯ ಗೂಡಿಗೆ ಅಂಟಿದ ಗೋಡೆಯ ಆಚೆ ಬದಿಯಲ್ಲಿ ಸಣ್ಣ ಕೋಣೆಯಿದ್ದರೆ ಅಲ್ಲಿ ಹರವಿ. ಬಿಸಿ ಸಿಗುತ್ತದೆ, ಹೊಗೆ ಸಿಗುವುದಿಲ್ಲ. ಎಳೆಗೂಸಿರುವ ಮನೆಗೆ ಅಂಥ ಗೋಡೆ ದೊಡ್ಡ ಉಪಕಾರ.

ಸಜ್ಜಾ ಮತ್ತು ಅದರ ಕೆಳಗಿನ ಗೆರೆ

ಯಾವುದಾದರೂ ಬಾಡಿಗೆ ಮನೆಯ ಕಿಟಕಿಯ ಸಜ್ಜಾದ ಅಡಿಭಾಗವನ್ನು ಮಳೆ ಬರುವಾಗ ನೋಡಿ. ಅಂಚಿಗೆ ಬಂದ ನೀರಿನಲ್ಲಿ ಅರ್ಧ ನೆಲಕ್ಕೆ ಬೀಳುತ್ತದೆ, ಇನ್ನರ್ಧ ಅಂಚನ್ನು ಸುತ್ತಿ ಅಡಿಗೆ ಅಂಟಿಕೊಂಡು ಒಳಮುಖವಾಗಿ ಹರಿಯುತ್ತದೆ. ಗೋಡೆ ಮುಟ್ಟಿ, ಕಿಟಕಿಯ ಚೌಕಟ್ಟಿನ ಮೇಲ್ಮೂಲೆಗೆ ಇಳಿದು, ಅಲ್ಲಿ ಬಣ್ಣ ಗುಳ್ಳೆ ಏಳಿಸುತ್ತದೆ. ಇನ್ನೊಂದು ಮನೆಯಲ್ಲಿ ಅದೇ ಅಳತೆಯ ಸಜ್ಜಾ, ಗೋಡೆ ಒಣಗಿಯೇ ಇದೆ. ಬೆರಳಾಡಿಸಿ ನೋಡಿದರೆ ಅಂಚಿನಿಂದ ಒಂದು ಇಂಚು ಒಳಗೆ, ಅಡಿಯಲ್ಲಿ, ಉದ್ದಕ್ಕೂ ಒಂದು ಗಾಡಿ, ಅಂದರೆ ಕೊರೆದಂಥ ಸಣ್ಣ ತೋಡು, ಸಿಗುತ್ತದೆ. ನೀರು ಆ ಗಾಡಿಯನ್ನು ದಾಟಲಾರದೆ ಅಲ್ಲೇ ಹನಿಹನಿಯಾಗಿ ಬಿದ್ದುಬಿಡುತ್ತದೆ.

ಇದಕ್ಕೆ ಖರ್ಚು ಬಹುತೇಕ ಇಲ್ಲ. ಅರ್ಧ ಇಂಚು ಅಗಲ, ಅಷ್ಟೇ ಆಳ. ಸೆಂಟ್ರಿಂಗ್ ಮಾಡುವಾಗ (ಕಾಂಕ್ರೀಟಿಗೆ ಹಲಗೆ ಕಟ್ಟುವಾಗ) ಉದ್ದಕ್ಕೆ ಸೀಳಿದ, ತಂತಿ ಎಳೆಯುವ ಕಂಡ್ಯೂಟ್ ಪೈಪನ್ನು ಹಲಗೆಗೆ ಮೊಳೆ ಹೊಡೆದರೆ ಗಾಡಿ ತಾನಾಗಿ ಮೂಡುತ್ತದೆ. ಅದು ತಪ್ಪಿದರೆ ಪ್ಲಾಸ್ಟರಿಂಗ್ ದಿನ ಹಸಿ ಗಾರೆಗೆ ರೀಪು ಒತ್ತಿ ತೆಗೆಯಬಹುದು. ಎರಡು ತುದಿಯಲ್ಲೂ ಗಾಡಿ ಗೋಡೆಗೆ 2 ಇಂಚು ಇರುವಾಗಲೇ ನಿಲ್ಲಬೇಕು. ಗೋಡೆಯವರೆಗೆ ಎಳೆದರೆ ಅದೇ ಕಾಲುವೆಯಾಗಿ ನೀರನ್ನು ಗೋಡೆಗೆ ಮುಟ್ಟಿಸುತ್ತದೆ. ಮೇಲ್ಭಾಗಕ್ಕೆ ಹೊರಗಡೆಗೆ ಒಂದಿಂಚು ವಾಟ, ಗೋಡೆ ಕೂಡುವ ಮೂಲೆಗೆ ಗಾರೆಯ ಗೋಲ. ಬಣ್ಣಕ್ಕೆ ಮೊದಲು ಒಂದು ಕೊಡ ನೀರು ಸುರಿದು ಕೆಳಗಿನಿಂದ ನೋಡಿಕೊಳ್ಳಿ.

ಅಗಲದ ಲೆಕ್ಕ ಸರಳ. ಗಾಳಿಮಳೆ 45 ಡಿಗ್ರಿ ಓರೆಯಲ್ಲಿ ಬಂದರೆ 2 ಅಡಿ ಸಜ್ಜಾ ತನ್ನ ಕೆಳಗಿನ 2 ಅಡಿಯನ್ನು ಮಾತ್ರ ಕಾಯುತ್ತದೆ. 4 ಅಡಿ ಎತ್ತರದ ಕಿಟಕಿಯ ಕೆಳಗಿನ ಅರ್ಧ ನೆನೆಯುತ್ತದೆ. ಶಿವಮೊಗ್ಗದಲ್ಲಿ 2 ಅಡಿ ಸಾಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪಡುವಣ ಮತ್ತು ತೆಂಕಣ ಗೋಡೆಗೆ 3 ಅಡಿಯಾದರೂ ಬೇಕು, ಇಲ್ಲವೇ ಆ ಬದಿಗೆ ಹಂಚಿನ ಇಳಿಜಾರು ಸೂರನ್ನೇ ಕೊಡಬೇಕು. 3 ಅಡಿಯ ಕಾಂಕ್ರೀಟ್ ಸಜ್ಜಾಕ್ಕೆ ಕಬ್ಬಿಣದ ಲೆಕ್ಕವನ್ನು ಎಂಜಿನಿಯರ್ ಹಾಕಿಕೊಡಬೇಕು. ಒಂದೇ ಬದಿಗೆ ಆಧಾರವಿರುವ ಇಂಥ ಹಲಗೆಯಲ್ಲಿ ಮುಖ್ಯ ಸರಳು ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟ್ ಹಾಕುವಾಗ ಅದನ್ನು ತುಳಿದು ಕೆಳಕ್ಕಿಳಿಸಿಬಿಟ್ಟರೆ ಸಜ್ಜಾ ಬುಡದಲ್ಲೇ ಬಿರುಕು ಬಿಡುತ್ತದೆ. ಆ ದಿನ ಅಲ್ಲೇ ನಿಂತು ನೋಡಬೇಕಾದ ಕೆಲಸ ಇದು.

ಕಿಟಕಿ, ಬಾಗಿಲು

ಜಾರುವ ಕಿಟಕಿಯೋ, ತೆರೆಯುವ ಕಿಟಕಿಯೋ? ಜಾರುವುದರಲ್ಲಿ ಯಾವಾಗಲೂ ಅರ್ಧ ಮಾತ್ರ ತೆರೆಯುತ್ತದೆ. ಹಳಿಯಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳಿರುತ್ತವೆ. ಅವು ಧೂಳು, ಸತ್ತ ಹುಳುಗಳಿಂದ ಕಟ್ಟಿಕೊಂಡರೆ ಗಾಳಿಮಳೆಯ ನೀರು ಹಳಿ ತುಂಬಿ ಒಳಗೆ ಉಕ್ಕುತ್ತದೆ. ವರ್ಷಕ್ಕೊಮ್ಮೆ, ಮೃಗಶಿರಾ ಮಳೆಗೆ ಮೊದಲು, ಊದಿನಕಡ್ಡಿಯಿಂದ ಚುಚ್ಚಿ ಬಿಡಿಸಿಕೊಂಡರೆ ಅಲ್ಯೂಮಿನಿಯಂ ಆದರೂ ಯುಪಿವಿಸಿ ಆದರೂ ಚೆನ್ನಾಗಿ ಬಾಳುತ್ತದೆ. ಮಳೆಗೆ ಎದುರಾದ ಗೋಡೆಯಲ್ಲಿ ಹೊರಕ್ಕೆ ತೆರೆಯುವ ಕಿಟಕಿಯೇ ಮೇಲು. ಗಾಳಿ ಒತ್ತಿದಷ್ಟೂ ಬಾಗಿಲು ಚೌಕಟ್ಟಿಗೆ ಬಿಗಿಯಾಗಿ ಕೂರುತ್ತದೆ.

ಮರದ ಬಾಗಿಲು ಜುಲೈಯಲ್ಲಿ ಉಬ್ಬಿ ಸಿಕ್ಕಿಕೊಳ್ಳುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮರದ ತಪ್ಪು ಎನ್ನುತ್ತಾರೆ, ಬಹಳ ಸಲ ಬಣ್ಣದ ತಪ್ಪು. ಬಾಗಿಲನ್ನು ಚೌಕಟ್ಟಿಗೆ ಸೇರಿಸಿಯಾದ ಮೇಲೆ ಬಣ್ಣ ಬಳಿಯುತ್ತಾರೆ, ಹಾಗಾಗಿ ತಲೆ ಮತ್ತು ಪಾದದ ಅಂಚಿಗೆ ಕುಂಚ ಹೋಗುವುದೇ ಇಲ್ಲ. ಮರದ ಎಳೆಗಳ ಬಾಯಿ ತೆರೆದಿರುವುದು ಅಲ್ಲೇ, ತೇವ ಒಳಹೋಗುವುದೂ ಅಲ್ಲಿಂದಲೇ. ತಿರುಪು ಬಿಚ್ಚಿ, ಬಾಗಿಲನ್ನು ಮಲಗಿಸಿ ಆರೂ ಮುಖಕ್ಕೆ ಎರಡು ಕೈ ಬಳಿಸಿ. ಬೇಸಿಗೆಯಲ್ಲಿ ಕೂರಿಸುವಾಗ ಸುತ್ತ 3 ಮಿಲಿಮೀಟರ್ ಸಂದು ಬಿಡಲು ಬಡಗಿಗೆ ಹೇಳಿ. ಏಪ್ರಿಲಿನಲ್ಲಿ ಅಚ್ಚುಕಟ್ಟಾಗಿ ಕೂತ ಬಾಗಿಲು ಜುಲೈಯಲ್ಲಿ ಅಲುಗುವುದಿಲ್ಲ. ಬಚ್ಚಲಿಗೆ ಮರವೇ ಬೇಡ. ಕಲ್ಲಿನ ಚೌಕಟ್ಟು, ಅದಕ್ಕೆ ಎಫ್‌ಆರ್‌ಪಿ ಅಥವಾ ಡಬ್ಲ್ಯುಪಿಸಿ ಬಾಗಿಲು (ಎರಡೂ ನೀರಿಗೆ ಉಬ್ಬದ, ಪ್ಲಾಸ್ಟಿಕ್ ಬೆರೆತವು), ಕೆಳಗೆ ಅರ್ಧ ಇಂಚು ಸಂದು.

ಹಳೆಯ ಬಾಡಿಗೆ ಮನೆಗಳಲ್ಲಿ ಲಿಂಟಲ್ (ಕಿಟಕಿ ಬಾಗಿಲ ಮೇಲಿನ ಅಡ್ಡತೊಲೆ) ಮೇಲೆ ಎರಡಡಿ ಅಗಲ, ಒಂದಡಿ ಎತ್ತರದ ವೆಂಟಿಲೇಟರ್ ಇರುತ್ತಿತ್ತು. ಹೊಸ ನಕ್ಷೆಗಳಲ್ಲಿ ಅದು ಮಾಯವಾಗುತ್ತಿದೆ. ದಯವಿಟ್ಟು ಬಿಡಬೇಡಿ. ಮಳೆಗೆ ಕಿಟಕಿಯೆಲ್ಲ ಮುಚ್ಚಿದ ದಿನ, ಮೇಲೇರಿದ ಒದ್ದೆ ಗಾಳಿಗೆ ಹೊರಹೋಗಲು ಇರುವುದು ಅದೊಂದೇ ದಾರಿ. ಸಜ್ಜಾ ಅದರ ಮೇಲೆ ಬರುವಂತೆ ಇರಲಿ, ಸೊಳ್ಳೆಯ ಜಾಲರಿ ಹಾಕಿಸಿ.

ಬಚ್ಚಲುಮನೆ

ನೆಲದ ವಾಟ 5 ಅಡಿಗೆ ಒಂದು ಇಂಚು. ಇದಕ್ಕಿಂತ ಕಡಿಮೆಯಾದರೆ ನೀರು ಮೂಲೆಯಲ್ಲಿ ನಿಲ್ಲುತ್ತದೆ, ಹೆಚ್ಚಾದರೆ ಮಣೆ ಅಲುಗುತ್ತದೆ. ಜಾಲರಿ ಬಾಗಿಲಿನ ಎದುರು ಬದಿಯ ಮೂಲೆಯಲ್ಲಿರಲಿ. ಬಾಗಿಲ ಬುಡದಲ್ಲಿದ್ದರೆ ಕಾಲಿಡುವುದೇ ಸೋಪಿನ ನೀರಿನ ಮೇಲೆ. ಒಳಗಿನ ನೆಲ ಹೊರಗಿನದಕ್ಕಿಂತ ಮುಕ್ಕಾಲು ಇಂಚು ತಗ್ಗಿರಬೇಕು. ಟೈಲ್ಸ್ ಹಾಕಿದ ದಿನವೇ ಗೋಲಿಯೊಂದನ್ನು ನಾಲ್ಕು ಮೂಲೆಯಿಂದ ಉರುಳಿಸಿ ನೋಡಿ, ಜಾಲರಿಯ ಕಡೆಗೇ ಬರಬೇಕು. ಜಾಲರಿಯ ಕೆಳಗೆ ಕೂರಿಸುವ ನಹಣಿ ಟ್ರ್ಯಾಪಿನಲ್ಲಿ 50 ಮಿಲಿಮೀಟರ್ ನೀರು ನಿಲ್ಲುವಂಥದ್ದನ್ನೇ ಕೇಳಿ ತನ್ನಿ. ಗಬ್ಬುವಾಸನೆ ತಡೆಯುವುದು ಆ ನೀರು. ನೆಂಟರಿಗೆಂದು ಇಟ್ಟ ಬಚ್ಚಲಿನಲ್ಲಿ ಬೇಸಿಗೆಗೆ ಆ ನೀರು ಆರಿಹೋಗಿ ವಾಸನೆ ಬರುತ್ತದೆ, ವಾರಕ್ಕೊಂದು ಚೊಂಬು ನೀರು ಹಾಕಿದರೆ ಸಾಕು.

ಬಿಸಿನೀರಿಗೆ ಏನು ಎಂಬ ಪ್ರಶ್ನೆಗೆ ನಮ್ಮ ಉತ್ತರ: ಅಡಿಕೆ ತೋಟದ ಮನೆಗೆ ಬಚ್ಚಲೊಲೆ, ಪೇಟೆಯ ಮನೆಗೆ ಸೋಲಾರ್ ಜೊತೆಗೆ ಸಣ್ಣ ಗೀಸರ್. ಅಡಿಕೆ ಸಿಪ್ಪೆ, ಹಾಳೆ, ತೆಂಗಿನ ಗರಿ ತೋಟದಲ್ಲೇ ಬಿದ್ದಿರುವಾಗ ಹಂಡೆಯ ನೀರಿಗೆ ದುಡ್ಡು ಕೊಡಬೇಕಿಲ್ಲ. ಆದರೆ ಒಲೆಯ ಬಾಯಿ ಬಚ್ಚಲಿನ ಹೊರಗೆ ಸೂರಿನಡಿಯಲ್ಲಿರಬೇಕು, ಹಂಡೆ ಮಾತ್ರ ಒಳಗೆ. ಹೊಗೆ ಗೂಡು ಸೂರಿನ ನೆತ್ತಿಗಿಂತ 2 ಅಡಿ ಮೇಲೇಳಲಿ, ತಗ್ಗಾದರೆ ಗಾಳಿ ಹೊಗೆಯನ್ನು ವಾಪಸು ನೂಕುತ್ತದೆ. ಸೋಲಾರ್ ಮಾರ್ಗಶಿರದಿಂದ ವೈಶಾಖದವರೆಗೆ ಚೆನ್ನ, ಬಿಸಿನೀರು ಹೆಚ್ಚು ಬೇಕಾದ ಮಳೆಗಾಲದಲ್ಲೇ ಕೈಕೊಡುತ್ತದೆ. ತಾರಸಿಯಿಂದ ಬಚ್ಚಲಿಗೆ ಪೈಪಿನ ದೂರವನ್ನೂ ನೋಡಿ. ಮುಕ್ಕಾಲು ಇಂಚಿನ ಪೈಪು ಮೀಟರಿಗೆ ಕಾಲು ಲೀಟರ್ ನೀರು ಹಿಡಿಯುತ್ತದೆ. 15 ಮೀಟರ್ ದೂರವಿದ್ದರೆ ಬಿಸಿ ಬರುವ ಮೊದಲು 4 ಲೀಟರಿನಷ್ಟು ತಣ್ಣೀರು ಹೋಗುತ್ತದೆ. 15 ಲೀಟರಿನ, 2,000 ವ್ಯಾಟಿನ ಗೀಸರ್ ನೀರನ್ನು 30 ಡಿಗ್ರಿ ಏರಿಸಲು ಕಾಲು ಗಂಟೆ ತೆಗೆದುಕೊಳ್ಳುತ್ತದೆ, ಖರ್ಚು ಅರ್ಧ ಯೂನಿಟ್. ಬಿಸಿನೀರಿನ ಸಾಲಿಗೆ ಸಿಪಿವಿಸಿ ಪೈಪೇ ಆಗಬೇಕು, ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗಿ ಸಂದಿನಲ್ಲಿ ಸೋರುತ್ತದೆ.

ಗ್ಯಾಸ್ ಗೀಸರನ್ನು ಬಚ್ಚಲಿನೊಳಗೆ ಹಾಕಿಸಲೇಬೇಡಿ. ಬಾಗಿಲು ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಗಿದ್ದವರು ಗೊತ್ತಾಗದೆಯೇ ಎಚ್ಚರ ತಪ್ಪುತ್ತಾರೆ. ಹೀಗೆ ಜೀವ ಹೋದ ಮನೆಗಳಿವೆ. ಬಾಡಿಗೆ ಮನೆಯ ಬಚ್ಚಲಿನಲ್ಲಿ ಈಗ ಇದ್ದರೆ ಇವತ್ತೇ ಮಾಲೀಕರಿಗೆ ಹೇಳಿ ಹೊರಗಿನ ಗೋಡೆಗೆ ಸಾಗಿಸಿ.

ಅಡುಗೆಮನೆ

ಕಟ್ಟೆಯ ಎತ್ತರಕ್ಕೆ ಲೆಕ್ಕ ಮೊಣಕೈಯಿಂದ. ಅಡುಗೆ ಮಾಡುವವರು ನಿಂತು ಕೈ ಮಡಚಿದಾಗ ಮೊಣಕೈ ಇರುವ ಎತ್ತರದಲ್ಲಿ 4ರಿಂದ 6 ಇಂಚು ಕಳೆಯಿರಿ. ಹೆಚ್ಚಿನ ಮನೆಗಳಲ್ಲಿ ಇದು 32ರಿಂದ 34 ಇಂಚಿಗೆ ಬಂದು ನಿಲ್ಲುತ್ತದೆ. ಒಲೆಯೇ 5 ಇಂಚು ಎತ್ತರ, ಅದರ ಮೇಲೆ ಪಾತ್ರೆ. ಆದ್ದರಿಂದ ಒಲೆಯ ಜಾಗವನ್ನು 4 ಇಂಚು ತಗ್ಗಿಸಿದ ಮನೆಗಳಲ್ಲಿ ಹುಳಿ ತಿರುವುವಾಗ ಭುಜ ಎತ್ತಬೇಕಾಗುವುದಿಲ್ಲ. ಕಲ್ಲು ಕೂರಿಸುವ ಮೊದಲೇ ತೀರ್ಮಾನಿಸಬೇಕು.

ಸಿಲಿಂಡರ್ ಹೊರಗಿಟ್ಟರೆ ಒಳ್ಳೆಯದು: ಹಿಂದಿನ ಗೋಡೆಗೆ ಸೂರಿನಡಿ ಒಂದು ಗೂಡು, ಅದಕ್ಕೆ ಜಾಲರಿ ಬಾಗಿಲು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ. ಹಾಗಾಗಿ ಗಾಳಿಕಿಂಡಿ ಗೂಡಿನ ತಳದಲ್ಲಿರಬೇಕು, ಮೇಲೆ ಮಾತ್ರ ಇಟ್ಟರೆ ಪ್ರಯೋಜನವಿಲ್ಲ. ಒಳಗಿನವರೆಗೆ ತಾಮ್ರದ ಪೈಪನ್ನು ಅನಿಲ ವಿತರಕರ ಕಡೆಯವರಿಂದಲೇ ಹಾಕಿಸಿ. ರಬ್ಬರ್ ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಿಸಿ.

ಸಾಮಾನಿಡಲು ಮುಚ್ಚಿದ ಕಪಾಟೋ, ತೆರೆದ ಕಲ್ಲಿನ ಹಲಗೆಯೋ? ಬಯಲುಸೀಮೆಯಲ್ಲಿ ಮುಚ್ಚಿದ್ದು ಸರಿ, ಧೂಳು ಬರುವುದಿಲ್ಲ. ಇಲ್ಲಿ ನಾವು ಕಡಪ ಕಲ್ಲಿನ ಕಡೆ. ಪಾರ್ಟಿಕಲ್ ಬೋರ್ಡಿನ ಕಪಾಟು ಸಿಂಕಿನ ಕೆಳಗೆ ಎರಡು ಮಳೆಗಾಲಕ್ಕೆ ಬಿಸ್ಕತ್ತಿನಂತೆ ಉಬ್ಬುತ್ತದೆ. ಕಪಾಟೇ ಬೇಕೆಂದರೆ ನೀರು ತಾಳುವ, ಐಎಸ್ 710 ಗುರುತಿನ ಪ್ಲೈವುಡ್ಡನ್ನು ಮಾತ್ರ ತನ್ನಿ, ಹಿಂದಿನ ಹಲಗೆಗೂ ಗೋಡೆಗೂ ನಡುವೆ ಒಂದು ಇಂಚು ಬಿಡಿ, ಬಾಗಿಲಿಗೆ ಗಾಳಿಕಿಂಡಿ ಕೊಡಿಸಿ. ಕಲ್ಲಿನ ಹಲಗೆಗೆ 14 ಇಂಚು ಆಳ ಸಾಕು. 18 ಇಂಚು ಮಾಡಿದರೆ ಹಿಂದಿನ ಸಾಲಿನ ಡಬ್ಬಿ ಮರೆತೇಹೋಗಿ ಹುಳ ಬೀಳುತ್ತದೆ. ಗ್ರೈಂಡರಿಗೆ ನೆಲದಿಂದ 20 ಇಂಚಿನಲ್ಲಿ ಬೇರೆಯೇ ಗಟ್ಟಿ ಹಲಗೆ ಇರಲಿ, ತೊಳೆದ ನೀರು ಹೋಗಲು ಪಕ್ಕದಲ್ಲಿ ತೂಬು ಬೇಕು. ಕಲ್ಲನ್ನು ಎತ್ತಿ ಸಿಂಕಿಗೆ ಒಯ್ಯುವುದು ನಡುವಿಗೆ ಪೆಟ್ಟು.

ಜಗಲಿ ಮತ್ತು ನೆಲ

ಮುಂಬಾಗಿಲಿಗೆ ಬರುವ ಮೊದಲು ಒಂದು ನಲ್ಲಿ, ಕೆಳಗೆ ಕಾಲಿಡಲು ಒರಟು ಕಲ್ಲು. ಕೆಸರೂ ಉಂಬಳವೂ ಅಲ್ಲಿಗೇ ನಿಲ್ಲುತ್ತವೆ. ಕೊಡೆ ನೇತುಹಾಕುವ ಗೂಟ ನಾಲ್ಕೂವರೆ ಅಡಿಗೆ, ಮಕ್ಕಳ ರೇನ್‌ಕೋಟಿಗೆ ಮೂರಡಿಗೆ, ಕೆಳಗೆ ನೀರು ಹರಿದುಹೋಗಲು ಸಣ್ಣ ತೋಡು. ಜಗಲಿಗೆ ಹೊಳಪಿನ ಟೈಲ್ಸ್ ಬೇಡ. ಮಳೆ ಹಿಡಿದ ಮೊದಲ ವಾರ ಬೆಚ್ಚಗಿನ ಒದ್ದೆ ಗಾಳಿ ತಣ್ಣಗಿನ ನೆಲಕ್ಕೆ ತಾಗಿ ನೆಲ ಬೆವರುತ್ತದೆ. ಹೊಳಪಿನ ಟೈಲ್ಸ್ ಮೇಲೆ ಆ ತೇವ ಕಣ್ಣಿಗೆ ಕಾಣುವುದಿಲ್ಲ, ಜಾರಿದ ಮೇಲಷ್ಟೇ ಗೊತ್ತಾಗುತ್ತದೆ. ರೆಡ್ ಆಕ್ಸೈಡ್ ನೆಲ ಕಾಲಿಗೆ ಹಿತ, ಹಳೆಯದಾದಷ್ಟೂ ಚಂದ. ಅದನ್ನು ತಿಕ್ಕಿ ಏರಿಸಬಲ್ಲ ಕೈ ಸಿಕ್ಕಿದರೆ ಮಾತ್ರ ಮಾಡಿಸಿ, ಬಿರುಕು ಬಿಟ್ಟರೆ ತೇಪೆ ಹೊಂದುವುದಿಲ್ಲ.

ಕರೆಂಟು

ಗೇಟಿನ ದೀಪದೊಳಗೆ ಮಳೆನೀರು ಹೋಗಿ ಇಡೀ ಮನೆ ಕತ್ತಲಾಗುವುದು ಬಾಡಿಗೆ ಮನೆಗಳಲ್ಲಿ ಸಾಮಾನ್ಯ. ಕಾರಣ, ಮನೆಗೆಲ್ಲ ಕರೆಂಟು ಸೋರಿದರೆ ತಾನೇ ಕಡಿಯುವ ಒಂದೇ ಆರ್‌ಸಿಸಿಬಿ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಜಾಗ ಹಂಚಿದ್ದು ತಪ್ಪು. 30 ಮಿಲಿಆಂಪಿಯರಿನ ಎರಡು ಹಾಕಿಸಿ: ಹೊರದೀಪ, ಪಂಪು, ಬಚ್ಚಲು ಒಂದಕ್ಕೆ, ಒಳಗಿನದೆಲ್ಲ ಇನ್ನೊಂದಕ್ಕೆ. ಪದೇ ಪದೇ ಬೀಳುತ್ತದೆಂದು ಅದನ್ನು ತೆಗೆಸಿ ನೇರ ಜೋಡಿಸುವವರಿದ್ದಾರೆ. ಒದ್ದೆ ಗೋಡೆಯ ಊರಿನಲ್ಲಿ ಅದು ಪ್ರಾಣಕ್ಕೆ ಅಪಾಯ.

ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಕರೆಂಟಿಲ್ಲದ ಊರುಗಳಿವು. 12 ವೋಲ್ಟಿನ 150 ಆ್ಯಂಪಿಯರ್-ಅವರ್ ಬ್ಯಾಟರಿಯಲ್ಲಿ ಕೈಗೆ ಸಿಗುವುದು ಸುಮಾರು 1,200 ವ್ಯಾಟ್-ಅವರ್. ಎರಡು ಬಿಎಲ್‌ಡಿಸಿ ಫ್ಯಾನು, 9 ವ್ಯಾಟಿನ ಆರು ದೀಪ, ಒಂದು ರೂಟರ್ ಸೇರಿ 125 ವ್ಯಾಟ್. ಹಾಗಾದರೆ ಒಂಬತ್ತು ಗಂಟೆ ಬರುತ್ತದೆ. ಮನೆಯ ಎಲ್ಲ ಪಾಯಿಂಟನ್ನೂ ಯುಪಿಎಸ್‌ಗೆ ಕೊಟ್ಟರೆ ಸಂಜೆಯೇ ಮುಗಿಯುತ್ತದೆ. ಯಾವ ದೀಪ, ಯಾವ ಫ್ಯಾನು ಎಂಬುದನ್ನು ತಂತಿ ಎಳೆಯುವ ಮೊದಲೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಇಂಡಕ್ಷನ್ ಒಲೆಗೆ 16 ಆ್ಯಂಪಿಯರಿನ ಪಾಯಿಂಟೇ ಬೇಕು. ಹೊರದೀಪದ ಸ್ವಿಚ್ಚನ್ನು ಟೂ-ವೇ ಮಾಡಿಸಿ ಒಂದನ್ನು ಮಲಗುವ ಕೋಣೆಯಲ್ಲಿಡಿ. ರಾತ್ರಿ ನಾಯಿ ಬೊಗಳಿದಾಗ ಬಾಗಿಲು ತೆರೆಯದೆ ಅಂಗಳ ನೋಡಬಹುದು.

ಪೈಪು, ಮತ್ತು ಸ್ಲ್ಯಾಬಿನ ಹಿಂದಿನ ದಿನ

ಗೋಡೆಯೊಳಗೆ ಹೂತ ಪೈಪು ಕಣ್ಣಿಗೆ ಅಂದ. ಆದರೆ ಗೋಡೆ ಮೂರು ತಿಂಗಳು ಹೇಗೂ ತೇವವಾಗಿರುವ ಊರಿನಲ್ಲಿ, ಆ ತೇವ ಮಳೆಯದೋ ಸೋರಿದ್ದೋ ಎಂದು ತಿಳಿಯುವುದೇ ಕಷ್ಟ. ಹೊರಗೆ, ಹಿಂದಿನ ಗೋಡೆಯ ಮೇಲೆ ಕ್ಲಾಂಪ್ ಹಾಕಿ ಓಡಿಸಿದ ಪೈಪು ಅರ್ಧ ಗಂಟೆಯಲ್ಲಿ ರಿಪೇರಿಯಾಗುತ್ತದೆ. ನಮ್ಮ ಸಲಹೆ: ಮುಖ್ಯ ಸಾಲುಗಳು ಹೊರಗೆ, ಬಚ್ಚಲಿನೊಳಗಿನ ಕೊನೆಯ ನಾಲ್ಕಡಿ ಮಾತ್ರ ಗೋಡೆಯೊಳಗೆ. ಪ್ರತಿ ಬಚ್ಚಲಿಗೆ ಪ್ರತ್ಯೇಕ ವಾಲ್ವ್ ಇರಲಿ. ಟ್ಯಾಂಕು ತುಂಬಿ ಹರಿಯುವ ಪೈಪನ್ನು ಅಡುಗೆಮನೆ ಕಿಟಕಿಗೆ ಕಾಣುವ ಕಡೆ ಇಳಿಬಿಡಿ. ಪ್ಲಾಸ್ಟರಿಂಗಿಗೆ ಮೊದಲು ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೊ ತೆಗೆದಿಟ್ಟರೆ, ಮುಂದೆ ಮೊಳೆ ಹೊಡೆಯುವಾಗ ಪೈಪಿಗೆ ತಾಗುವುದಿಲ್ಲ.

ಸ್ಲ್ಯಾಬ್ ಹಾಕುವ ಹಿಂದಿನ ದಿನ ಬಾಡಿಗೆ ಮನೆಯ ಪಟ್ಟಿ ಹಿಡಿದು ಸೆಂಟ್ರಿಂಗ್ ಮೇಲೆ ಒಮ್ಮೆ ನಡೆಯಿರಿ. ಫ್ಯಾನಿನ ಪೆಟ್ಟಿಗೆ ಮಂಚದ ನಡುವಿಗೆ ಬಂದಿದೆಯೇ, ಟ್ಯಾಂಕಿನ ಪೈಪಿಗೆ ತೂತು ಬಿಟ್ಟಿದ್ದಾರೆಯೇ, ಮುಂದೆ ಬೇಕಾಗುವ ತಂತಿಗೆಂದು ಒಂದು ಇಂಚಿನ ಖಾಲಿ ಪೈಪು ಹಾಕಿದ್ದಾರೆಯೇ ನೋಡಿ. ತೊಟ್ಟಿಲಿಗೂ ಉಯ್ಯಾಲೆಗೂ ಕೊಂಡಿ ಬೇಕಿದ್ದರೆ ಆ ದಿನವೇ ಕಟ್ಟಿಸಬೇಕು: 12 ಮಿಲಿಮೀಟರ್ ಸರಳನ್ನು ಬಗ್ಗಿಸಿ, ಎರಡೂ ಕಾಲನ್ನು ಸ್ಲ್ಯಾಬಿನ ಕಬ್ಬಿಣದ ಮೇಲೆ ಒಂದೊಂದು ಅಡಿ ಮಲಗಿಸಿ ತಂತಿಯಿಂದ ಬಿಗಿಯಬೇಕು. ಉಯ್ಯಾಲೆಯ ಜಾಗವನ್ನು ಎಂಜಿನಿಯರಿಗೆ ಮೊದಲೇ ತಿಳಿಸಿ, ಸಾಧ್ಯವಾದರೆ ತೊಲೆಯಲ್ಲಿ ಹಾಕಿಸಿ. ಎರಡು ಕೊಂಡಿಯ ನಡುವೆ ಎಷ್ಟು ಅಂತರ ಎಂದು ಬಾರ್ ಬೆಂಡರ್ ಕೇಳುತ್ತಾರೆ. ಅದು ಮಣೆಯ ಉದ್ದದ ಮೇಲೆ ಹೋಗುತ್ತದೆ, ಮಣೆಯನ್ನು ಮೊದಲೇ ಅಳೆದಿಟ್ಟುಕೊಂಡಿರಿ.